ಬಸವನಗುಡಿಯ ವಿಕಾಸವಾದದ ವೀಕೆಂಡ್ ಕ್ಲಾಸ್: ಹೋಗ್ಬೋದು, ಆದ್ರೆ ಕೊನೆ ಕ್ಲಾಸ್ ಬಗ್ಗೆ ತಕರಾರಿದೆ

ಬಸವನಗುಡಿಲಿ ಒಂದು ಹಳೇ ಮನೆ ಮಹಡಿ ಮೇಲೆ ವಿಜ್ಞಾನದ ಇತಿಹಾಸ ಅಂತ ವೀಕೆಂಡ್ ಕ್ಲಾಸ್ ಮಾಡ್ತಾರೆ, ಈ ಬ್ಯಾಚಿನ ವಿಷಯ ವಿಕಾಸವಾದ. ಫೀಸು ಎರಡೂವರೆ ಸಾವಿರ, ಕಾಫಿ ಸೇರಿ. ಹೆಂಗಿತ್ತು ಅಂತ ಸುಮಾರು ಜನ ಕೇಳಿದ್ರಿ, ಅದಕ್ಕೇ ಒಂದೇ ಸಲ ಬರೆದುಬಿಡ್ತೀನಿ.

ಇಂಥ ಕ್ಲಾಸಲ್ಲಿ ಸಾಮಾನ್ಯವಾಗಿ ಏನು ಹೇಳ್ತಾರೆ ಗೊತ್ತಲ್ಲ, ಡಾರ್ವಿನ್ ಹಡಗು ಹತ್ತಿದ, ಗ್ಯಾಲಪಗಸ್‌ಲಿ ಹಕ್ಕಿ ಕೊಕ್ಕು ನೋಡಿದ, ಬದುಕೋಕೆ ಅನುಕೂಲವಾದ ಗುಣ ಇರೋವನ್ನ ನಿಸರ್ಗವೇ ಆರಿಸಿ ಉಳಿಸತ್ತೆ ಅಂತ ಥಟ್ ಅಂತ ಹೊಳೀತು, 1859ರಲ್ಲಿ ಪುಸ್ತಕ ಬಂತು, ಪಾದ್ರಿಗಳು ಬೈದ್ರು, ಶುಭಂ. ಇಲ್ಲಿ ಮೇಡಂ ಆ ಕತೆನ ಮೊದಲ ಹತ್ತು ನಿಮಿಷದಲ್ಲೇ ಬಿಚ್ಚಿ ಹಾಕಿದ್ರು. ಯಾವ ಹಕ್ಕಿ ಯಾವ ದ್ವೀಪದ್ದು ಅಂತ ಡಾರ್ವಿನ್ ಸರಿಯಾಗಿ ಬರ್ಕೊಂಡೇ ಇರ್ಲಿಲ್ವಂತೆ, ಲಂಡನ್‌ಗೆ ವಾಪಸ್ ಬಂದ್ಮೇಲೆ 1837ರಲ್ಲಿ ಜಾನ್ ಗೌಲ್ಡ್ ಅನ್ನೋ ಪಕ್ಷಿತಜ್ಞ ನೋಡಿ, ಇವೆಲ್ಲ ಬೇರೆಬೇರೆ ಜಾತಿ ಆದ್ರೂ ಒಂದೇ ಗುಂಪಿನವು ಅಂದಿದ್ದು. ಅದೇ ವಿಚಾರ ತಾನೂ ಕಂಡ್ಕೊಂಡ ವಾಲೇಸ್, ಅವನು ಡಾರ್ವಿನ್‌ಗೆ ಬರೆದ 1858ರ ಕಾಗದ, ಲಂಡನ್ನಿನ ವಿಜ್ಞಾನಿಗಳ ಸಂಘ ಲಿನಿಯನ್ ಸೊಸೈಟಿಲಿ ಇಬ್ಬರ ಬರಹನೂ ಒಟ್ಟಿಗೆ ಓದಿದ್ದು, ಇದೆಲ್ಲ ಬೇಗ ಬೇಗ ಮುಗಿಸಿದ್ರು, ಅದು ಎಲ್ಲ ಕಡೆ ಸಿಗತ್ತೆ ಬಿಡಿ.

ನನಗೆ ದುಡ್ಡು ವಸೂಲಾಯ್ತು ಅನ್ಸಿದ್ದು ಎಲ್ಲಿ ಅಂದ್ರೆ, ಡಾರ್ವಿನ್‌ಗೆ ಎದುರು ಮಾತಾಡಿದೋರನ್ನ ಪೆದ್ದರು ಅಂತ ಪಕ್ಕಕ್ಕೆ ತಳ್ಳದೆ ಅವರ ವಾದ ಪೂರ್ತಿ ಮುಂದಿಟ್ಟಿದ್ದು. ಫ್ಲೀಮಿಂಗ್ ಜೆಂಕಿನ್ ಅಂತ ಒಬ್ಬ, ಟೆಲಿಗ್ರಾಫ್ ಕೇಬಲ್ ಇಂಜಿನಿಯರ್ (ಇಂಜಿನಿಯರ್‌ಗಳು ಬಯಾಲಜಿಗೆ ಮೂಗು ತೂರಿಸೋದು ಇವತ್ತಿನದಲ್ಲ, ನಮ್ ಬ್ಯಾಚಲ್ಲಿ ಮುಕ್ಕಾಲು ಪಾಲು ಅವರೇ ಇದ್ರು). 1867ರಲ್ಲಿ ಅವನು ಕೇಳಿದ ಪ್ರಶ್ನೆ ಇದು: ಅಪ್ಪ ಅಮ್ಮನ ಗುಣ ಮಕ್ಕಳಲ್ಲಿ ಬೆರೆತುಹೋಗತ್ತೆ ಅಂತಾದ್ರೆ, ಯಾವುದೋ ಒಂದು ಪ್ರಾಣಿಗೆ ಬಂದ ಒಳ್ಳೇ ಗುಣ ತಲೆಮಾರು ತಲೆಮಾರಿಗೆ ಅರ್ಧರ್ಧ ಆಗ್ತಾ ಮಾಯ ಆಗಲ್ವಾ, ಆಗ ನಿಸರ್ಗ ಆಯ್ಕೆ ಮಾಡೋಕೆ ಉಳಿಯೋದಾದ್ರೂ ಏನು? ಮೇಡಂ ಇದನ್ನ ಬಾಯಲ್ಲಿ ಹೇಳ್ಲಿಲ್ಲ, ಎರಡು ಸ್ಟೀಲ್ ಲೋಟ ತರಿಸಿದ್ರು. ಒಂದರಲ್ಲಿ ಡಿಕಾಕ್ಷನ್, ಒಂದರಲ್ಲಿ ಹಾಲು. ಸಮಸಮ ಬೆರೆಸಿ, ಅದರಲ್ಲಿ ಅರ್ಧ ತೆಗೆದು ಅಷ್ಟೇ ಹಾಲು, ಮತ್ತೆ ಅರ್ಧ ತೆಗೆದು ಹಾಲು, ಹಿಂಗೇ ಮಾಡ್ತಾ ಮಾಡ್ತಾ ಕೊನೆಗೆ ಲೋಟದಲ್ಲಿ ಬರೀ ಹಾಲು, ಡಿಕಾಕ್ಷನ್ ವಾಸನೆ ಕೂಡ ಇಲ್ಲ. ಆಮೇಲೆ ಒಂದು ಡಬ್ಬ ತುಂಬ ಒಣಗಿದ ಅವರೆಕಾಳು, ಅದರೊಳಗೆ ಒಂದಷ್ಟು ಹುಣಸೆಬೀಜ. ಕಣ್ಣುಮುಚ್ಚಿ ಜೋಡಿ ಜೋಡಿ ತೆಗೀರಿ, ವಾಪಸ್ ಹಾಕಿ, ಕುಲುಕಿ, ಮತ್ತೆ ತೆಗೀರಿ. ಎಷ್ಟು ಸಲ ತೆಗೆದ್ರೂ ಹುಣಸೆಬೀಜ ಕಪ್ಪಗೇ ಬರತ್ತೆ! ಮೆಂಡಲ್ ಬಟಾಣಿ ಗಿಡದಲ್ಲಿ ಕಂಡಿದ್ದು ಇದೇ, ಗುಣ ಕರಗಲ್ಲ, ಮುಚ್ಕೊಂಡಿರತ್ತೆ ಅಷ್ಟೇ. ನುಣುಪು ಕಾಳಿನ ಗಿಡ, ಸುಕ್ಕು ಕಾಳಿನ ಗಿಡ ಕೂಡಿಸಿದಾಗ ಮೊದಲ ತಲೆಮಾರಲ್ಲಿ ಮಾಯವಾದ ಸುಕ್ಕು ಎರಡನೇದ್ರಲ್ಲಿ ವಾಪಸ್ ಬಂತು: 5474 ನುಣುಪು ಕಾಳು, 1850 ಸುಕ್ಕು ಕಾಳು, ಹತ್ತಿರಹತ್ತಿರ ಮೂರು ನುಣುಪಿಗೆ ಒಂದು ಸುಕ್ಕು. ಹೊಟ್ಟೆ ಉರಿಯೋದು ಏನಂದ್ರೆ, ಜೆಂಕಿನ್ ಆ ಪ್ರಶ್ನೆ ಎತ್ತೋ ಹಿಂದಿನ ವರ್ಷವೇ, 1866ರಲ್ಲೇ, ಮೆಂಡಲ್ ಲೇಖನ ಅಚ್ಚಾಗಿತ್ತು, 1900ರವರೆಗೆ ಅದರ ಬೆಲೆ ಯಾರಿಗೂ ಗೊತ್ತಾಗ್ಲಿಲ್ಲ. ಡಾರ್ವಿನ್ ಅಷ್ಟೊತ್ತಿಗೆ ಸತ್ತು 18 ವರ್ಷ.

ಇನ್ನೊಂದು ಕ್ಲಾಸ್ ಲಾಲ್‌ಬಾಗ್ ಬಂಡೆ ಮೇಲೆ, ಬೆಳಿಗ್ಗೆ ಆರೂವರೆಗೆ. ಲಾರ್ಡ್ ಕೆಲ್ವಿನ್ ಅನ್ನೋ ಭೌತವಿಜ್ಞಾನಿ 1862ರಲ್ಲಿ ಭೂಮಿ ಕಾದ ಸ್ಥಿತಿಯಿಂದ ತಣ್ಣಗಾಗೋಕೆ ಎಷ್ಟು ಕಾಲ ಬೇಕು ಅಂತ ಲೆಕ್ಕ ಹಾಕಿ, ಭೂಮಿ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷದ ಒಳಗೆ ಅಂದ. ನಿಧಾನವಾಗಿ ನಡೆಯೋ ವಿಕಾಸಕ್ಕೆ ಅಷ್ಟು ಟೈಮ್ ಸಾಕಾಗಲ್ಲ, ಡಾರ್ವಿನ್‌ಗೆ ದೊಡ್ಡ ತಲೆನೋವು. ನಾವು ಆ ಕತೆ ಕೇಳ್ತಾ ಕೂತಿದ್ದ ಬಂಡೆಗೇ ಸುಮಾರು 300 ಕೋಟಿ ವರ್ಷ, ಜಿಯಾಲಜಿಕಲ್ ಸರ್ವೆಯವರ ಫಲಕನೂ ಅಲ್ಲೇ ಇದೆ. ಪಕ್ಕದಲ್ಲಿ ವಾಕಿಂಗ್ ಬಂದಿದ್ದ ಅಜ್ಜ ಒಬ್ರು ನಿಂತು ಅರ್ಧ ಗಂಟೆ ಫ್ರೀಯಾಗಿ ಪಾಠ ಕೇಳಿ, ಕೊನೆಗೆ ಮೇಡಂಗೇ ಎರಡು ಡೌಟ್ ಕೇಳಿ ಹೋದ್ರು.

ಇಲ್ಲೊಂದು ತಕರಾರು. ರೇಡಿಯೋಆಕ್ಟಿವಿಟಿ (ಕೆಲವು ಧಾತುಗಳು ತಾವಾಗೇ ಒಡೆದು ಶಾಖ ಬಿಡೋದು) ಗೊತ್ತಿಲ್ಲದ್ದಕ್ಕೆ ಕೆಲ್ವಿನ್ ಲೆಕ್ಕ ತಪ್ಪಿತು ಅಂತ ಹೇಳಿ ಮುಗಿಸಿದ್ರು. ಪೂರ್ತಿ ಹಂಗಲ್ಲ. ಕೆಲ್ವಿನ್ ಹತ್ರಾನೇ ಅಸಿಸ್ಟೆಂಟ್ ಆಗಿದ್ದ ಜಾನ್ ಪೆರ್ರಿ 1895ರಲ್ಲೇ, ಅಂದ್ರೆ ರೇಡಿಯೋಆಕ್ಟಿವಿಟಿ ಪತ್ತೆ ಆಗೋಕೆ ಮುಂಚೇನೇ, ಭೂಮಿ ಒಳಗೆ ಶಾಖ ನೀವಂದ್ಕೊಂಡಿದ್ದಕ್ಕಿಂತ ಸಲೀಸಾಗಿ ಹರೀತಿದ್ರೆ ನಿಮ್ಮ ಲೆಕ್ಕ ನಿಲ್ಲಲ್ಲ ಸಾರ್ ಅಂತ ತೋರಿಸಿದ್ದ. ಗುರುಗೇ ಶಿಷ್ಯ ತಿರುಗಿಬಿದ್ದ ಇಷ್ಟು ಒಳ್ಳೇ ಪ್ರಸಂಗ ಬಿಟ್ಟುಬಿಟ್ರಲ್ಲ ಅಂತ ಬೇಜಾರು.

ಕೊನೆ ಕ್ಲಾಸ್ ಅಂತೂ ಓಡಿಸಿದ್ದೇ ಓಡಿಸಿದ್ದು. ಡಾರ್ವಿನ್‌ನೂ ಮೆಂಡಲ್‌ನೂ ಗಣಿತದಲ್ಲಿ ಕೂಡಿಸಿದ ಫಿಶರ್, ರೈಟ್, ಹಾಲ್ಡೇನ್ ಮೂವರಿಗೂ ಸೇರಿ ಅರ್ಧ ಗಂಟೆ. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು 1964ರಲ್ಲಿ ಭುವನೇಶ್ವರದಲ್ಲಿ ತೀರ್ಕೊಂಡ ಮನುಷ್ಯ, ಅದರ ಬಗ್ಗೆ ಒಂದು ಮಾತಿಲ್ಲ. ಲೋಟ ಡಬ್ಬ ಆಟಕ್ಕೆ ಕೊಟ್ಟ ಟೈಮಲ್ಲಿ ಕಡಿಮೆ ಮಾಡಿ ಅಂತ ಹೇಳಲ್ಲ, ಇನ್ನೊಂದು ಭಾನುವಾರ ಜಾಸ್ತಿ ಮಾಡಿ, ಐನೂರು ಜಾಸ್ತಿ ತಗೊಳ್ಳಿ, ಕೊಡ್ತೀವಿ.

ಪಾಠ ಕನ್ನಡದಲ್ಲೇ, ಆದ್ರೆ ಸ್ಲೈಡ್ ಎಲ್ಲ ಇಂಗ್ಲಿಷು, ಅದೂ ಇರುವೆ ಸಾಲಿನಷ್ಟು ಸಣ್ಣ ಅಕ್ಷರ, ಹಿಂದಿನ ಸಾಲಲ್ಲಿ ಕೂತೋರಿಗೆ ದೇವರೇ ಗತಿ. ಪ್ಲಾಸ್ಟಿಕ್ ಕುರ್ಚಿ, ಒಂದೂವರೆ ಗಂಟೆಗೆ ಬೆನ್ನು ಹಿಡ್ಕೊಳ್ಳತ್ತೆ. ಕಾಫಿ ಮಾತ್ರ ಫಸ್ಟ್ ಕ್ಲಾಸ್. ಪಾರ್ಕಿಂಗ್ ಮರೆತುಬಿಡಿ, ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ನಡೀರಿ. ಐದಕ್ಕೆ ನಾಲ್ಕು ಕೊಡ್ತೀನಿ. ಪಿಯುಸಿ ಮಕ್ಕಳನ್ನ ಕರ್ಕೊಂಡು ಹೋಗೋದಾದ್ರೆ ಮುಂದಿನ ಸಾಲು ಹಿಡೀರಿ, ಹುಣಸೆಬೀಜದ ಡಬ್ಬ ಅಲ್ಲಿಂದಾನೇ ಶುರುವಾಗೋದು.