ಪರಿಸರ ಎಂಜಿನಿಯರಿಂಗ್ ಮತ್ತು ಪರಿಸರ ಯೋಜನೆ: ಎರಡನ್ನೂ ಓದಿದ ಮೇಲೆ

ಸಿವಿಲ್ ಎಂಜಿನಿಯರಿಂಗ್ ಪದವಿ ಮುಗಿಸಿ, ಕೆರೆ, ಹಳ್ಳ, ಕಾಡು, ಕೊಳಚೆ ಇವುಗಳ ಕುರಿತೇ ಮುಂದೆ ಓದಬೇಕು ಎಂದು ತೀರ್ಮಾನಿಸಿದವರು ಕೊನೆಗೆ ಬಂದು ನಿಲ್ಲುವುದು ಎರಡು ಬಾಗಿಲುಗಳ ಮುಂದೆ. ಒಂದು ಪರಿಸರ ಎಂಜಿನಿಯರಿಂಗ್‌ನ ಎಂ.ಟೆಕ್, ಇನ್ನೊಂದು ಪರಿಸರ ಯೋಜನೆಯ ಎಂ.ಪ್ಲಾನ್, ಅಂದರೆ ಪ್ಲಾನಿಂಗ್ ವಿಷಯದ ಸ್ನಾತಕೋತ್ತರ ಪದವಿ. ನಾನು 2016ರಲ್ಲಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮೊದಲನೆಯದಕ್ಕೆ ಸೇರಿ, ಎರಡು ಸೆಮಿಸ್ಟರ್ ಮುಗಿಸಿ ಬಿಟ್ಟು, 2017ರಿಂದ 2019ರವರೆಗೆ ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಎರಡನೆಯದನ್ನು ಓದಿದೆ. ಎರಡರ ಹೆಸರಿನಲ್ಲೂ ಪರಿಸರ ಎಂಬ ಪದವಿರುವುದರಿಂದ ಇವು ಅಕ್ಕಪಕ್ಕದ ಕೋರ್ಸುಗಳೆಂದು ನಂಬಿದ್ದೆ. ಓದಲು ಕುಳಿತ ಮೇಲೆ ಇವೆರಡೂ ಬೇರೆ ಬೇರೆ ಪ್ರಶ್ನೆಗಳಿಂದ ಹುಟ್ಟಿದ ವಿದ್ಯೆಗಳೆಂಬುದು ತಿಳಿಯಿತು.

ಎಂ.ಟೆಕ್‌ನ ಮೊದಲ ವರ್ಷವೆಂದರೆ ಪ್ರಯೋಗಾಲಯ. ಬೆಳ್ಳಂದೂರು ಕೆರೆಯ ದಂಡೆಯಲ್ಲಿ ನಾನು ಮೊದಲ ಬಾರಿಗೆ ನೀರಿನ ಮಾದರಿ ತೆಗೆದ ಬೆಳಗ್ಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯಲು 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಗುಳ್ಳೆ ಸೇರದಂತೆ ತುಂಬಿ, ಅದಕ್ಕೆ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡ್ ದ್ರಾವಣವನ್ನೂ ಹಾಕಿ, ಮುಚ್ಚಳ ಬಿಗಿದು ಮೇಲೆ ಕೆಳಗೆ ತಿರುಗಿಸಬೇಕು. ಆಮ್ಲಜನಕವಿದ್ದರೆ ಬಾಟಲಿಯೊಳಗೆ ಕಂದು ಬಣ್ಣದ ಮೋಡದಂಥ ಗಸಿ ಕಟ್ಟುತ್ತದೆ, ಇಲ್ಲದಿದ್ದರೆ ಗಸಿ ಬಿಳಿಯಾಗಿಯೇ ಉಳಿಯುತ್ತದೆ. ನನ್ನ ಬಾಟಲಿಯಲ್ಲಿ ಕಂದು ಬಣ್ಣ ಬರಲಿಲ್ಲ. ತಪ್ಪು ಮಾಡಿದೆನೇನೋ ಎಂದು ಮತ್ತೊಂದು ಬಾಟಲಿ ತುಂಬಿದೆ, ಅದೂ ಬಿಳಿ. ಮೀನು ಉಸಿರಾಡಲು ಏನೂ ಉಳಿದಿಲ್ಲದ ನೀರನ್ನು ಕೈಯಲ್ಲಿ ಹಿಡಿದು ನಿಂತಿದ್ದೇನೆ ಎಂಬ ಅರಿವು ಪುಸ್ತಕದಿಂದ ಬರುವಂಥದ್ದಲ್ಲ. ಎಂ.ಟೆಕ್‌ನ ದೊಡ್ಡ ಬಲ ಇದೇ: ಅದು ಹೇಳುವುದನ್ನು ಇನ್ನೊಬ್ಬರು ಇನ್ನೊಂದು ಬಾಟಲಿಯಲ್ಲಿ ಪರೀಕ್ಷಿಸಿ ನೋಡಬಹುದು.

ಆದರೆ ಅದೇ ವರ್ಷ ನನ್ನನ್ನು ಕಾಡಿದ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗವನ್ನು ಕಟ್ಟಡಗಳಿಂದ ಮುಕ್ತವಾಗಿ ಬಿಡಬೇಕೆಂದು ಆದೇಶಿಸಿತ್ತು; ನಗರದ ಮಾಸ್ಟರ್ ಪ್ಲಾನಿನಲ್ಲಿ ಇದ್ದದ್ದು 30 ಮೀಟರ್. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು, ದಟ್ಟ ಹೊಗೆ ಊರಿಗೆಲ್ಲ ಕಂಡಿತು. ಬೆಳ್ಳಂದೂರು ಕೆರೆಯಿರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ರಾಜಕಾಲುವೆಗಳು ಯಾವಾಗ, ಯಾರ ಅನುಮತಿಯಿಂದ ಒಳಚರಂಡಿಗಳಾದವು, 30 ಯಾಕೆ, 75 ಯಾಕೆ ಎಂದು ತರಗತಿಯಲ್ಲಿ ಕೇಳಿದೆ. ಅದು ನಮ್ಮ ಪಠ್ಯದ ವ್ಯಾಪ್ತಿಗೆ ಬರುವುದಿಲ್ಲ, ಶುದ್ಧೀಕರಣ ಘಟಕದ ವಿನ್ಯಾಸಕ್ಕೆ ಬನ್ನಿ ಎಂಬ ಉತ್ತರ ಬಂತು. ಉತ್ತರ ಕೊಟ್ಟವರನ್ನು ನಾನು ದೂರುವುದಿಲ್ಲ, ಏಕೆಂದರೆ ಆ ಪದವಿ ಕೊಳಕಾದ ನೀರು ಪೈಪಿನ ಬಾಯಿಗೆ ಬಂದ ನಂತರ ಏನು ಮಾಡಬೇಕೆಂಬುದನ್ನು ಕಲಿಸಲೆಂದೇ ಇರುವಂಥದ್ದು. ಆದರೂ ಆ ಸಂಜೆಯೇ ಬಿಡುವ ಮನಸ್ಸು ಗಟ್ಟಿಯಾಯಿತು.

ಭೋಪಾಲದಲ್ಲಿ ಮೊದಲ ದಿನವೇ ಕಂಡ ವ್ಯತ್ಯಾಸವೆಂದರೆ ಸಹಪಾಠಿಗಳು. ಆರ್ಕಿಟೆಕ್ಚರ್, ಪ್ಲಾನಿಂಗ್, ಸಿವಿಲ್, ಭೂಗೋಳಶಾಸ್ತ್ರ ಓದಿ ಬಂದವರೆಲ್ಲ ಒಂದೇ ಮೇಜಿನ ಸುತ್ತ ಕುಳಿತಿದ್ದರು. ಮೊದಲ ತಿಂಗಳುಗಳಲ್ಲಿ ನನಗೆ ನಕ್ಷೆ ಬರೆಯಲು ಬಾರದೆಯೂ ಅವರಲ್ಲಿ ಕೆಲವರಿಗೆ ಹರಿವಿನ ಲೆಕ್ಕ ಅರ್ಥವಾಗದೆಯೂ ಎಲ್ಲರೂ ಒದ್ದಾಡಿದೆವು. ಇಲ್ಲಿ ಪಾಠಕ್ಕಿಂತ ಹೆಚ್ಚು ತೂಕ ಸ್ಟುಡಿಯೋಗೆ. ಒಂದು ಜಾಗವನ್ನು ಕೊಡುತ್ತಾರೆ, ತಿಂಗಳುಗಟ್ಟಲೆ ಅಲೆದು ಮಾಹಿತಿ ತಂದು, ಬೇಸ್ ಮ್ಯಾಪ್ ಮಾಡಿ, ಶೀಟುಗಳನ್ನು ಗೋಡೆಗೆ ಹಚ್ಚಿ, ಜ್ಯೂರಿಯ, ಅಂದರೆ ಮೌಲ್ಯಮಾಪಕರ ತಂಡದ, ಮುಂದೆ ನಿಂತು ಪ್ರತಿ ಗೆರೆಗೂ ಕಾರಣ ಕೊಡಬೇಕು.

ನಮಗೆ ಸಿಕ್ಕಿದ್ದು ಬಡಾ ತಾಲಾಬ್. ಹನ್ನೊಂದನೆಯ ಶತಮಾನದಲ್ಲಿ ರಾಜಾ ಭೋಜನು ಕೋಲಾಂಸ್ ನದಿಗೆ ಮಣ್ಣಿನ ಏರಿ ಹಾಕಿಸಿ ಕಟ್ಟಿಸಿದನೆಂದು ಹೇಳಲಾಗುವ ಈ ಕೆರೆ ಇಂದಿಗೂ ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ಪಕ್ಕದ ಛೋಟಾ ತಾಲಾಬ್‌ನೊಂದಿಗೆ ಸೇರಿ ಭೋಜ್ ಜೌಗು ಪ್ರದೇಶವೆಂಬ ಹೆಸರಿನಲ್ಲಿ 2002ರಿಂದ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿದೆ. ನಾನು ಅಭ್ಯಾಸಬಲದಿಂದ ಬಾಟಲಿ ಹಿಡಿದು ದಂಡೆಗೆ ಹೋಗಲು ಸಿದ್ಧನಾಗಿದ್ದಾಗ, ಮಾರ್ಗದರ್ಶಕರು ಮೊದಲು ಕೆರೆಯ ಜಲಾನಯನದ ಗಡಿಯನ್ನು ಎಳೆದು ತರುವಂತೆ ಹೇಳಿದರು. ನೆಲದ ಎತ್ತರದ ದತ್ತಾಂಶವನ್ನು ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಹಾಕಿ ಎಳೆದ ಆ ಗೆರೆ ಸುಮಾರು 361 ಚದರ ಕಿಲೋಮೀಟರನ್ನು ಒಳಗೊಂಡು, ಭೋಪಾಲ ಜಿಲ್ಲೆಯ ಗಡಿ ದಾಟಿ ಸೀಹೋರ್ ಜಿಲ್ಲೆಯ ಹೊಲಗಳವರೆಗೆ ಹೋಯಿತು. ನಗರದ ಅಭಿವೃದ್ಧಿ ಯೋಜನೆ ಕೆರೆಯ ಅಂಚನ್ನು ಕಾಪಾಡಬಲ್ಲದು, ಆದರೆ ಕೆರೆಗೆ ನೀರು ತರುವ ನೆಲದ ಬಹುಭಾಗ ಬೇರೆ ಜಿಲ್ಲೆಯ, ಬೇರೆ ಪಂಚಾಯಿತಿಗಳ ಕೈಯಲ್ಲಿದೆ. ಆ ಗೆರೆಯನ್ನು ಕಂದಾಯ ನಕ್ಷೆಯ ಮೇಲಿಟ್ಟಾಗ ಅದು ಹಲವು ಕಡೆ ಒಂದೇ ಹೊಲದ ನಡುವೆ ಹಾದುಹೋಗಿತ್ತು. ಒಂದು ಮಗ್ಗುಲಿಗೆ ಬಿದ್ದ ಮಳೆ ಕೆರೆಗೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಬೇರೆಲ್ಲಿಗೋ. ಬೆಂಗಳೂರಿನ ತರಗತಿಯಲ್ಲಿ ನಾನು ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕುವ ದಾರಿಯಾದರೂ ಸಿಕ್ಕಿತು.

ಕಾನೂನನ್ನು ಅಕ್ಷರಕ್ಷರ ಓದುವುದನ್ನೂ ಕಲಿತದ್ದು ಇಲ್ಲೇ. 2017ರ ಜೌಗು ಪ್ರದೇಶಗಳ ನಿಯಮಗಳು ಹತ್ತು ವರ್ಷಗಳ ಸರಾಸರಿ ಪ್ರವಾಹಮಟ್ಟದಿಂದ 50 ಮೀಟರಿನೊಳಗೆ ದೋಣಿಕಟ್ಟೆ ಬಿಟ್ಟು ಬೇರೆ ಶಾಶ್ವತ ನಿರ್ಮಾಣವನ್ನು ನಿಷೇಧಿಸುತ್ತವೆ. ಆದರೆ ಅದೇ ನಿಯಮಗಳ ವ್ಯಾಖ್ಯೆಯು ಕುಡಿಯುವ ನೀರಿಗೂ ನೀರಾವರಿಗೂ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಹೊರಗಿಡುತ್ತದೆ. ನಮ್ಮ ಬಯಲುಸೀಮೆಯ ಕೆರೆಗಳೆಲ್ಲವೂ ಏರಿ ಹಾಕಿ ಕಟ್ಟಿದವೇ ಅಲ್ಲವೇ? ಆ ಒಂದು ವಾಕ್ಯವನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇಷ್ಟು ಹೇಳಿದ ಮೇಲೆ ಎಂ.ಪ್ಲಾನ್‌ನ ದೌರ್ಬಲ್ಯವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಇಳಿಜಾರು, ಮಣ್ಣು, ನೆಲದ ಬಳಕೆ, ನೀರಿನಿಂದ ಇರುವ ದೂರ ಇವುಗಳ ನಕ್ಷೆಗಳನ್ನು ಒಂದರ ಮೇಲೊಂದು ಹಾಸಿ, ಪ್ರತಿಯೊಂದಕ್ಕೂ ಇಷ್ಟು ತೂಕವೆಂದು ಕೊಟ್ಟು, ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂಬ ಬಣ್ಣದ ನಕ್ಷೆ ಮಾಡುವುದು ಈ ವಿದ್ಯೆಯ ಮುಖ್ಯ ವಿಧಾನಗಳಲ್ಲೊಂದು. ಅಮೆರಿಕದ ಭೂದೃಶ್ಯ ವಿನ್ಯಾಸಕಾರ ಇಯಾನ್ ಮ್ಯಾಕ್‌ಹಾರ್ಗ್ ಅರುವತ್ತರ ದಶಕದಲ್ಲಿ ಪಾರದರ್ಶಕ ಹಾಳೆಗಳ ಮೂಲಕ ಜನಪ್ರಿಯಗೊಳಿಸಿದ್ದನ್ನು ಈಗ ಕಂಪ್ಯೂಟರಿನಲ್ಲಿ ಮಾಡುತ್ತೇವೆ. ಜ್ಯೂರಿಯ ಹಿಂದಿನ ರಾತ್ರಿ ನಾನು ಇಳಿಜಾರಿನ ತೂಕವನ್ನು 20ರಿಂದ 30ಕ್ಕೆ ಏರಿಸಿದೆ. ಒಂದು ಹಳ್ಳಿಯ ಸುತ್ತಲಿನ ಹಸಿರು ಅಷ್ಟೂ ಹಳದಿಯಾಯಿತು. ಮರುದಿನ 30 ಯಾಕೆ ಎಂದು ಕೇಳಿದವರಿಗೆ ನನ್ನಲ್ಲಿ ಗಟ್ಟಿಯಾದ ಉತ್ತರವಿರಲಿಲ್ಲ. ಬಾಟಲಿಯ ಬಿಳಿ ಗಸಿ ನನ್ನ ಅಭಿಪ್ರಾಯಕ್ಕೆ ತಕ್ಕಂತೆ ಬಣ್ಣ ಬದಲಿಸುವುದಿಲ್ಲ, ನಕ್ಷೆ ಬದಲಿಸುತ್ತದೆ, ಮತ್ತು ನೋಡುವವರಿಗೆ ಎರಡೂ ಒಂದೇ ಬಗೆಯ ವಿಜ್ಞಾನವಾಗಿ ಕಾಣುತ್ತವೆ. ಲೆಕ್ಕದ ಹಿನ್ನೆಲೆಯಿಲ್ಲದೆ ಈ ಕೋರ್ಸಿಗೆ ಬಂದವರು ತಮ್ಮ ನಕ್ಷೆಗಳನ್ನು ತಾವೇ ಅತಿಯಾಗಿ ನಂಬುವುದನ್ನು ನಾನು ಕಂಡಿದ್ದೇನೆ.

ಉದ್ಯೋಗದ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಎಂ.ಟೆಕ್ ಓದಿದವರಿಗೆ ಶುದ್ಧೀಕರಣ ಘಟಕಗಳ ವಿನ್ಯಾಸ, ಮಾಲಿನ್ಯ ನಿಯಂತ್ರಣ, ಕೈಗಾರಿಕೆಗಳ ಕಡೆ ನೇರವಾದ ದಾರಿಯಿದೆ, ಮತ್ತು ಕೆಲಸದ ಹೆಸರು ಹೇಳಿದರೆ ಮನೆಯವರಿಗೂ ಅರ್ಥವಾಗುತ್ತದೆ. ಎಂ.ಪ್ಲಾನ್ ಓದಿದವರು ನಗರ ಯೋಜನಾ ಸಂಸ್ಥೆಗಳಲ್ಲಿ, ಸಲಹಾ ಕಂಪನಿಗಳಲ್ಲಿ ಹುಡುಕಿಕೊಳ್ಳಬೇಕು. 2006ರ ಅಧಿಸೂಚನೆಯಡಿ ನಡೆಯುವ ಪರಿಸರ ಪರಿಣಾಮ ಅಧ್ಯಯನಗಳಲ್ಲಿ ಇಬ್ಬರಿಗೂ ಅವಕಾಶವಿದೆ. ಪರಿಸರ ಯೋಜನೆಯೆಂಬ ಹೆಸರಿನಲ್ಲೇ ಓದಬೇಕೆಂದರೆ ದೆಹಲಿ, ಭೋಪಾಲ, ವಿಜಯವಾಡಗಳ ಪ್ಲಾನಿಂಗ್ ಶಾಲೆಗಳಿವೆ. ರಾಜ್ಯದೊಳಗೇ ಇರಬೇಕೆನ್ನುವವರು ಮೈಸೂರು ವಿಶ್ವವಿದ್ಯಾನಿಲಯದ ನಗರ ಮತ್ತು ಪ್ರಾದೇಶಿಕ ಯೋಜನೆಯ ಎಂ.ಟೆಕ್ ನೋಡಬಹುದು.

ನನ್ನ ಥೀಸಿಸ್‌ಗೆ ಕೋಲಾರವನ್ನು ಆರಿಸಿಕೊಂಡೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರಿನಂತೆ 126 ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತ್ತು. ಬೆಳ್ಳಂದೂರಿನ ಕಣಿವೆಯ ನೀರೇ ಅದು. ಕೆರೆಯಿಂದ ಕೆರೆಗೆ ಕೋಡಿ ಹರಿಯುವ ದಾರಿ, ಅಚ್ಚುಕಟ್ಟು, ಕೊಳವೆಬಾವಿಗಳಿರುವ ಜಾಗ ಇವನ್ನೆಲ್ಲ ನಕ್ಷೆಯಲ್ಲಿ ಗುರುತಿಸಲು ಭೋಪಾಲದ ಓದು ಬೇಕಾಯಿತು. ಏರಿಯ ಮೇಲೆ ನಿಂತಿದ್ದ ರೈತರೊಬ್ಬರು ಈ ನೀರು ಬಾವಿಗೆ ಇಳಿದರೆ ಕುಡಿಯಬಹುದೇ ಎಂದು ಕೇಳಿದಾಗ ಮಾತ್ರ ನನ್ನಲ್ಲಿದ್ದ ಯಾವ ನಕ್ಷೆಯೂ ಉತ್ತರ ಹೇಳಲಿಲ್ಲ. ಮರುವಾರ ಬಾಟಲಿಗಳನ್ನೂ ಐಸ್ ಪೆಟ್ಟಿಗೆಯನ್ನೂ ಹೊತ್ತು ಮತ್ತೆ ಅದೇ ಏರಿಗೆ ಹೋದೆ.