ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಿಟ್ಟವರಿಗೆ ಗಿಲ್ಡ್ ವಾರ್ಸ್ 2: ಬಳ್ಳಾರಿ ಕಡೆಯಿಂದ ಬಹುಕಾಲದ ಬಳಕೆಯ ವಿಮರ್ಶೆ

ಎರಡೂ ಸಾವಿರಾರು ಜನ ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ಕಂಪ್ಯೂಟರ್ ಆಟಗಳು. ವಾರ್‌ಕ್ರಾಫ್ಟ್ ಒಳ್ಳೆಯ ಆಟವೇ. ಆದರೆ ತೋರಣಗಲ್ಲಿನಲ್ಲಿ ಶಿಫ್ಟ್ ಡ್ಯೂಟಿ ಮಾಡುವವರಿಗೆ ಅದು ಒಗ್ಗುವುದಿಲ್ಲ. 20ನೇ ಲೆವೆಲ್‌ವರೆಗೆ ಪುಕ್ಕಟೆ, ಆಮೇಲೆ ತಿಂಗಳ ಚಂದಾ. ಹದಿನೈದು ದಿನ ನೈಟ್ ಶಿಫ್ಟ್ ಬಿದ್ದು ಆಟ ತೆರೆಯದಿದ್ದರೂ ಚಂದಾ ಓಡುತ್ತಲೇ ಇರುತ್ತದೆ. ಹೊಸ ಎಕ್ಸ್‌ಪಾನ್ಶನ್, ಅಂದರೆ ಆಟಕ್ಕೆ ಸೇರುವ ಹೊಸ ಭಾಗ, ಬಂತೆಂದರೆ ಕಷ್ಟಪಟ್ಟು ಕೂಡಿಸಿದ ಗೇರ್ (ಆಯುಧ, ಕವಚ) ಹಳೆಯದಾಗುತ್ತದೆ. ಗಿಲ್ಡ್ ವಾರ್ಸ್ 2ರಲ್ಲಿ ಎರಡೂ ಕಾಟವಿಲ್ಲ. 2012ರಲ್ಲಿ ಬಂದಾಗ ಇದ್ದ 80ನೇ ಲೆವೆಲ್ಲೇ ಇವತ್ತಿಗೂ ಕೊನೆ. ಆರು ತಿಂಗಳು ಬಿಟ್ಟು ಬಂದರೂ ಅದೇ ಅಸೆಂಡೆಡ್ (ಮೇಲ್ದರ್ಜೆಯ) ಗೇರ್ ಹಾಕಿಕೊಂಡು ಆಡಬಹುದು.

ಇಡೀ ಆಟ Gw2.dat ಎಂಬ ಒಂದೇ ಫೈಲಿನಲ್ಲಿರುತ್ತದೆ, ಗಾತ್ರ 70 ಜಿಬಿ ಮೀರಿದೆ. ಮನೆಯ ಲೈನ್ ನಿಧಾನವಾಗಿದ್ದರೆ ಗೆಳೆಯರ ಕಂಪ್ಯೂಟರಿನಿಂದ ಪೂರ್ತಿ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ತನ್ನಿ, ಚೆನ್ನಾಗಿ ನಡೆಯುತ್ತದೆ. ಪೆನ್‌ಡ್ರೈವ್ 128 ಜಿಬಿಯದಿರಲಿ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿರಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಬಹಳ ಜನ ಇಲ್ಲೇ ಸಿಕ್ಕಿಬೀಳುತ್ತಾರೆ.

ಅಪ್‌ಡೇಟ್ ಇಳಿಯುವಾಗ ಕರೆಂಟ್ ಹೋದರೆ ಈ Gw2.dat ಫೈಲ್ ಕೆಡಬಹುದು. ಆಗ ಮ್ಯಾಪ್ ಲೋಡ್ ಆಗುತ್ತಾ ಆಟ ಮುಚ್ಚಿಕೊಳ್ಳುತ್ತದೆ. ಅಳಿಸಿ ಮತ್ತೆ ಇಳಿಸಿಕೊಳ್ಳಬೇಕಿಲ್ಲ. ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಹೈಫನ್, ಅದಕ್ಕೆ ಅಂಟಿಕೊಂಡಂತೆ ರಿಪೇರ್ ಎಂದು ಇಂಗ್ಲಿಷಿನಲ್ಲಿ ಬರೆದು ಓಡಿಸಿ; ಕೆಟ್ಟ ಭಾಗವಷ್ಟೇ ಸರಿಯಾಗುತ್ತದೆ. ಮನೆಯ ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಕರೆಂಟ್ ಬದಲಾಗುವ ಕ್ಷಣದಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತದೆ. ರೂಟರಿಗೂ ಬ್ಯಾಕಪ್ ಕೊಡಿ. ಕಥೆಯ ಮಿಷನ್ ನಡುವೆ ಲೈನ್ ಕಟ್ಟಾದರೆ ಮೊದಲಿಂದ ಆಡಬೇಕಾಗಬಹುದು.

ಏಪ್ರಿಲ್, ಮೇ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಕಾದು ವೇಗ ಇಳಿಸಿಕೊಳ್ಳುತ್ತದೆ. ಸೆಕೆಂಡಿಗೆ ಎಷ್ಟು ಚಿತ್ರ ತೋರಬೇಕೆಂದು ಮಿತಿ ಹಾಕುವ ಫ್ರೇಮ್ ಲಿಮಿಟರ್ ಅನ್ನು 30ಕ್ಕೆ ಇಡಿ. ದೊಡ್ಡ ಗುಂಪಿನಲ್ಲಿ ಆಟ ತಡವರಿಸಿದರೆ ಗ್ರಾಫಿಕ್ಸ್ ಕಾರ್ಡನ್ನು ದೂರಬೇಡಿ, ಭಾರ ಬೀಳುವುದು ಪ್ರೊಸೆಸರ್ ಮೇಲೆ. ಕ್ಯಾರೆಕ್ಟರ್ ಮಾಡೆಲ್ ಲಿಮಿಟ್ ಅನ್ನು ಲೋಯೆಸ್ಟ್ ಮಾಡಿ, ನೆರಳು ಮತ್ತು ರಿಫ್ಲೆಕ್ಷನ್ ತೆಗೆಯಿರಿ.

ನಮಗೆ ಸಿಗುವ ಸರ್ವರ್ ಇರುವುದು ಅಮೆರಿಕ ಮತ್ತು ಯುರೋಪಿನಲ್ಲಿ ಮಾತ್ರ. ಯುರೋಪನ್ನೇ ಆರಿಸಿ. ಫೈಬರ್ ಲೈನಿನಲ್ಲಿ ಪಿಂಗ್ (ಸಂದೇಶ ಸರ್ವರಿಗೆ ಹೋಗಿ ಬರುವ ಸಮಯ) ಸಾಮಾನ್ಯವಾಗಿ 150ರಿಂದ 200 ಮಿಲಿಸೆಕೆಂಡ್. ಇದು ಹೇಗೆ ತಟ್ಟುತ್ತದೆ ಎಂಬುದು ಟೆಕ್ವಾಟ್ಲ್ ಎಂಬ ಡ್ರ್ಯಾಗನ್ ಎದುರು ಗೊತ್ತಾಗುತ್ತದೆ. ಅದು ನೆಲಕ್ಕೆ ಬಡಿದಾಗ ಅಲೆಯೊಂದು ಹೊರಡುತ್ತದೆ. ಅಲೆ ಕಾಲಿಗೆ ಬಂದ ಮೇಲೆ ಜಿಗಿದರೆ ಆಗಲೇ ಪೆಟ್ಟು ಬಿದ್ದಿರುತ್ತದೆ. ಇನ್ನೂ ಒಂದು ಹೆಜ್ಜೆ ದೂರವಿರುವಾಗಲೇ ಜಿಗಿಯಬೇಕು. ನಾಲ್ಕು ದಿನದಲ್ಲಿ ಕೈಗೆ ರೂಢಿಯಾಗುತ್ತದೆ. ನಮ್ಮ ಗಡಿಯಾರದಲ್ಲಿ ರಾತ್ರಿ 9:30ಕ್ಕೆ ಅದು ಏಳುತ್ತದೆ. ದಿನದ ರೀಸೆಟ್, ಅಂದರೆ ಆಯಾ ದಿನದ ಕೆಲಸ, ಬಹುಮಾನ ಹೊಸದಾಗಿ ಶುರುವಾಗುವುದು, ಬೆಳಗ್ಗೆ 5:30ಕ್ಕೆ; ನೈಟ್ ಮುಗಿಸಿ ಬರುವವರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ.

ಮೂಲ ಆಟ ಪುಕ್ಕಟೆ. ಪುಕ್ಕಟೆ ಖಾತೆಯಿಂದ ಗೆಳೆಯರಿಗೆ ಚಿನ್ನ, ಸಾಮಾನು ಆಟದೊಳಗಿನ ಅಂಚೆಯಲ್ಲಿ ಕಳಿಸಲಾಗದು, ಆಟಗಾರರ ಮಾರುಕಟ್ಟೆಯಾದ ಟ್ರೇಡಿಂಗ್ ಪೋಸ್ಟ್‌ನಲ್ಲಿ ಕೆಲವೇ ವಸ್ತು ಸಿಗುತ್ತವೆ. ಒಂದು ಎಕ್ಸ್‌ಪಾನ್ಶನ್ ಕೊಂಡರೆ ಈ ತಡೆ ಹೋಗುತ್ತದೆ. ಯುಪಿಐನಲ್ಲಿ ದುಡ್ಡು ಕೊಡುವ ಮನಸ್ಸಿದ್ದರೆ ಖಾತೆಯನ್ನು ಮೊದಲೇ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಮೂಲಕ ತೆರೆಯಿರಿ. ಕಂಪನಿಯ ಸೈಟಿನಲ್ಲಿ ತೆರೆದ ಖಾತೆಯನ್ನು ಆಮೇಲೆ ಸ್ಟೀಮ್‌ಗೆ ಜೋಡಿಸಲು ಬರುವುದಿಲ್ಲ.

ಎಲ್ಡರ್ ಸ್ಕ್ರಾಲ್ಸ್ ಆನ್‌ಲೈನ್‌ಗೂ ಚಂದಾ ಕಡ್ಡಾಯವಲ್ಲ, ಆದರೆ ಕಚ್ಚಾ ಸಾಮಗ್ರಿಯನ್ನು ಮಿತಿಯಿಲ್ಲದೆ ಹಿಡಿಯುವ ಕ್ರಾಫ್ಟ್ ಬ್ಯಾಗ್ ಚಂದಾದಾರರಿಗಷ್ಟೇ. ಅದಿಲ್ಲದೆ ಚೀಲ ಖಾಲಿ ಮಾಡುವುದರಲ್ಲೇ ಸಂಜೆ ಕಳೆಯುತ್ತದೆ. ಕಥೆಯ ಮೇಲೆ ಆಸೆ ಇರುವವರು ಫೈನಲ್ ಫ್ಯಾಂಟಸಿ 14 ನೋಡಿ: 70ನೇ ಲೆವೆಲ್‌ವರೆಗೆ ಫ್ರೀ ಟ್ರಯಲ್, ದಿನದ ಮಿತಿ ಇಲ್ಲ. ಅದರ ಮುಖ್ಯ ಹೊಡೆತಗಳ ನಡುವಿನ ಅಂತರ ಸುಮಾರು 2.5 ಸೆಕೆಂಡ್, ಹಾಗಾಗಿ ನಮ್ಮ ಪಿಂಗ್ ಅಷ್ಟಾಗಿ ಕಾಡುವುದಿಲ್ಲ. ಆದರೆ ಟ್ರಯಲ್ ಖಾತೆಗೆ ಒಮ್ಮೆ ಆಟ ಕೊಂಡರೆ ಮತ್ತೆ ಟ್ರಯಲ್‌ಗೆ ಮರಳಲಾಗದು, ಅಲ್ಲಿಂದ ತಿಂಗಳ ಚಂದಾ ಶುರು.