ಒಂದೂವರೆ ಅಡಿಗೆ ಎಂಟಡಿ ಹಲಗೆ ಸಾಲದು: ಕಾನೂನು ಕಾಲೇಜೊಂದರ ಒಳಗೊಳ್ಳುವಿಕೆ ಕಾರ್ಯಕ್ರಮ ಹೇಗಿತ್ತು?

ಸಭಾಂಗಣದ ಮುಂದೆ ಮೂರು ಮೆಟ್ಟಿಲು, ಒಂದೊಂದೂ ಆರು ಇಂಚು. ಒಟ್ಟು ಎತ್ತರ ಒಂದೂವರೆ ಅಡಿ. ಅದರ ಮೇಲೆ ಎಂಟು ಅಡಿಯ ಪ್ಲೈವುಡ್ ಹಲಗೆ ಇಳಿಬಿಟ್ಟು, ಪಕ್ಕದ ಗೋಡೆಗೆ ಗಾಲಿಕುರ್ಚಿಯ ಚಿತ್ರ ಅಂಟಿಸಿದ್ದರು. ಹುಬ್ಬಳ್ಳಿಯ ಕಾನೂನು ಕಾಲೇಜೊಂದು ಮೂರು ದಿನ ನಡೆಸಿದ ವೈವಿಧ್ಯ ಮತ್ತು ಒಳಗೊಳ್ಳುವಿಕೆ ಕಾರ್ಯಕ್ರಮದ ಒಳಿತು ಕೆಡುಕು ಎರಡೂ ಆ ಹಲಗೆಯಲ್ಲೇ ಕಾಣುತ್ತಿದ್ದವು. ಮನಸ್ಸು ಇತ್ತು, ಅಳತೆ ಇರಲಿಲ್ಲ.

ರ‍್ಯಾಂಪಿನ ಲೆಕ್ಕ ಸರಳ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಒಂದೂವರೆ ಅಡಿಗೆ ಹದಿನೆಂಟು ಅಡಿ. ಎಂಟೇ ಅಡಿಯಲ್ಲಿ ಅಷ್ಟು ಎತ್ತರ ಏರಿಸಿದರೆ ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿಗಳು ನೆಲ ಬಿಡಬಹುದು, ಕುಳಿತವರು ಹಿಂದಕ್ಕೆ ವಾಲಬಹುದು, ತಳ್ಳಲು ಇಬ್ಬರು ಬೇಕಾಗುತ್ತದೆ. ಇಳಿಯುವಾಗ ಹಿಮ್ಮುಖವಾಗಿಯೇ ಇಳಿಸಬೇಕು. ಹಲಗೆಯ ಎರಡೂ ಅಂಚಿಗೆ ಎರಡಿಂಚಿನ ಪಟ್ಟಿ ಹೊಡೆದಿರಲಿಲ್ಲ, ಹಿಡಿದುಕೊಳ್ಳಲು ಕಂಬಿಯೂ ಇರಲಿಲ್ಲ. ಪರಿಹಾರ ಅದೇ ಕಟ್ಟಡದಲ್ಲಿತ್ತು. ಗ್ರಂಥಾಲಯದ ಕಡೆಯ ಬಾಗಿಲಿಗೆ ಒಂದೇ ಮೆಟ್ಟಿಲು, ಆರು ಇಂಚು. ಅಲ್ಲಿಗೆ ಆರು ಅಡಿ ಸಾಕು. ಎಂಟಡಿ ಹಲಗೆ ಹಾಕಿದರೆ ಒಬ್ಬರೇ ಆರಾಮವಾಗಿ ಏರಬಹುದು. ಮೂರನೆಯ ದಿನ ಹಲಗೆಯನ್ನು ಅಲ್ಲಿಗೆ ಸರಿಸಿದರು. ಮೊದಲ ದಿನವೇ ಟೇಪು ಹಿಡಿದು ಕಟ್ಟಡ ಸುತ್ತಿದ್ದರೆ ಎರಡು ದಿನದ ಪಾಡು ತಪ್ಪುತ್ತಿತ್ತು. ಶೌಚಾಲಯದ್ದಂತೂ ಮೂರು ದಿನವೂ ಸರಿಹೋಗಲಿಲ್ಲ: ಬಾಗಿಲು ಇಪ್ಪತ್ತೇಳು ಇಂಚು ಅಗಲ, ಮೇಲಾಗಿ ಒಳಕ್ಕೆ ತೆರೆಯುತ್ತಿತ್ತು. ಮೂರು ಅಡಿ ಅಗಲ ಇರಬೇಕು, ಹೊರಕ್ಕೆ ತೆರೆಯಬೇಕು. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪನ್ನು ಪಾಠ ಮಾಡುವ ಕಟ್ಟಡದಲ್ಲೇ ಹೀಗಿದ್ದರೆ ಬೇಸರವಾಗುತ್ತದೆ.

ಉದ್ಘಾಟನೆ, ಹಾರ, ಶಾಲು, ಸ್ವಾಗತ ಭಾಷಣಗಳಿಗೆ ಒಂದು ಗಂಟೆ ಹತ್ತು ನಿಮಿಷ ಹೋಯಿತು. ಅದರ ಬಗ್ಗೆ ಇಷ್ಟೇ ಸಾಕು.

ಕಾರ್ಯಕ್ರಮದ ತಿರುಳು ಎರಡನೆಯ ದಿನದ ಅಣಕು ನ್ಯಾಯಾಲಯ, ಅಂದರೆ ವಿದ್ಯಾರ್ಥಿಗಳು ಕಲ್ಪಿತ ಪ್ರಕರಣದಲ್ಲಿ ವಕೀಲರಂತೆ ವಾದಿಸುವ ‘ಮೂಟ್’ ಸ್ಪರ್ಧೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನಾಳೆ ಇದೇ ವಿದ್ಯಾರ್ಥಿಗಳು ಕೆಳ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ಅರ್ಜಿ ಬರೆದು, ಸಾಕ್ಷಿ ವಿಚಾರಣೆ ಮಾಡುವವರು. ಆದರೂ ಮೂಟ್ ಅಂದರೆ ಇಂಗ್ಲಿಷು ಎಂಬುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಕುಂದಗೋಳ, ನವಲಗುಂದ, ರೋಣ, ಶಿಗ್ಗಾವಿಯಿಂದ ಬರುವ ಚುರುಕು ಹುಡುಗ ಹುಡುಗಿಯರು ಅದರಿಂದಾಗಿ ಕುರ್ಚಿ ಜೋಡಿಸುವ, ನೀರು ಕೊಡುವ ಸ್ವಯಂಸೇವಕರಾಗಿ ಉಳಿಯುತ್ತಾರೆ. ಇಲ್ಲಿ ಎರಡೂ ಭಾಷೆಗೆ ಅವಕಾಶ ಕೊಟ್ಟಿದ್ದರು. ಒಂದೇ ತಂಡದಲ್ಲಿ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ವಾದಿಸಬಹುದಿತ್ತು. ಇದು ಇಡೀ ಕಾರ್ಯಕ್ರಮದ ಅತ್ಯುತ್ತಮ ನಿರ್ಧಾರ. ಬೇರೆ ಏನನ್ನು ಕೈಬಿಟ್ಟರೂ ಇದನ್ನು ಬಿಡಬಾರದು.

ಮೂಟಿನ ಪ್ರಶ್ನೆಯೂ ಹದವಾಗಿತ್ತು: ಬರೆಯುವಾಗ ಕೈ ಸೆಟೆದುಕೊಳ್ಳುವ ವಿದ್ಯಾರ್ಥಿಗೆ, ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲ ಎಂಬ ಕಾರಣಕ್ಕೆ ಪರೀಕ್ಷೆಯಲ್ಲಿ ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರನ್ನು ನಿರಾಕರಿಸಲಾಗಿದೆ. ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು ಇತ್ಯರ್ಥ ಮಾಡಿದ ವಿಷಯವಿದು. ಲಿಪಿಕಾರರ ನೆರವಿಗೆ ಶೇ 40ರ ಗೆರೆ ಕಡ್ಡಾಯವಲ್ಲ ಎಂದಿತು. ತೊಡಕು ಬಂದದ್ದು ಅನುವಾದದಲ್ಲಿ. ಇಂಗ್ಲಿಷ್ ಪ್ರಶ್ನೆಪತ್ರ ಹತ್ತು ದಿನ ಮೊದಲೇ ಸಿಕ್ಕಿತು, ಕನ್ನಡದ್ದು ಹಿಂದಿನ ದಿನ. ಅದೂ ಯಂತ್ರಕ್ಕೆ ಹಾಕಿ ತೆಗೆದದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ‘ರೀಸನಬಲ್ ಅಕಾಮಡೇಶನ್’ ಅದರಲ್ಲಿ ‘ಸಮಂಜಸ ವಸತಿ’ ಆಗಿತ್ತು. ಒಂದು ತಂಡ ಹಾಸ್ಟೆಲ್ ಸೌಲಭ್ಯದ ಬಗ್ಗೆಯೇ ಎರಡು ಪುಟ ಬರೆದುಕೊಂಡು ಬಂದಿತ್ತು. ಆ ಪದದ ಅರ್ಥ ವಸತಿ ಅಲ್ಲ, ತಕ್ಕ ಹೊಂದಾಣಿಕೆ: ಸಂಸ್ಥೆಯ ಮೇಲೆ ಮಿತಿಮೀರಿದ ಹೊರೆ ಬೀಳದ ಹಾಗೆ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಮಾಡಿಕೊಡುವ ಮಾರ್ಪಾಡು. ವಕಾಲತ್ತು ನಡೆಸುವ ಒಬ್ಬರು ಅರ್ಧ ಗಂಟೆ ಕಣ್ಣಾಡಿಸಿದ್ದರೂ ಆ ತಂಡದ ಶ್ರಮ ವ್ಯರ್ಥವಾಗುತ್ತಿರಲಿಲ್ಲ. ಪ್ರಶ್ನೆಪತ್ರ ಎರಡೂ ಭಾಷೆಯಲ್ಲಿ ಒಂದೇ ದಿನ ಕೈಸೇರಬೇಕು, ಜೊತೆಗೆ ಇಪ್ಪತ್ತು ಮೂವತ್ತು ಪಾರಿಭಾಷಿಕ ಪದಗಳ ಪಟ್ಟಿ ಇರಬೇಕು.

ಅಂಕಪಟ್ಟಿಯನ್ನೂ ತಿದ್ದಬೇಕಿತ್ತು. ನೂರಕ್ಕೆ ಇಪ್ಪತ್ತು ಅಂಕ ‘ಭಾಷಾ ಪ್ರೌಢಿಮೆ’ಗೆ ಇಟ್ಟಿದ್ದರು. ಧಾರವಾಡದ ಸೀಮೆಯ ಮಾತಿನಲ್ಲಿ ಸ್ಪಷ್ಟವಾಗಿ ವಾದಿಸಿದವರಿಗೆ ಇದರಲ್ಲಿ ಕಡಿಮೆ ಬಿತ್ತು. ಆ ಇಪ್ಪತ್ತನ್ನು ವಾದದ ಸ್ಪಷ್ಟತೆಗೆ, ಪೀಠದ ಪ್ರಶ್ನೆಗೆ ನೇರ ಉತ್ತರಕ್ಕೆ ಹಂಚಬಹುದು. ಸಮಯದ ವಿಷಯದಲ್ಲಿ ಇನ್ನೂ ದೊಡ್ಡ ಚ್ಯುತಿ: ಮಾತಿನಲ್ಲಿ ಉಗ್ಗು ಇದ್ದ ಒಬ್ಬ ವಿದ್ಯಾರ್ಥಿಗೂ ಹದಿನೈದನೆಯ ನಿಮಿಷಕ್ಕೆ ಗಂಟೆ ಹೊಡೆದರು. ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚುವರಿ ಕೊಡುವ ಕ್ರಮವಿದೆ. ಅದೇ ಅಳತೆಯಲ್ಲಿ ಹದಿನೈದು ನಿಮಿಷಕ್ಕೆ ಐದು ನಿಮಿಷ. ನೋಂದಣಿ ಅರ್ಜಿಯಲ್ಲಿ ‘ನಿಮಗೆ ಯಾವ ಹೊಂದಾಣಿಕೆ ಬೇಕು?’ ಎಂಬ ಒಂದು ಸಾಲು ಇದ್ದಿದ್ದರೆ ಪೀಠಕ್ಕೆ ಮೊದಲೇ ಗೊತ್ತಿರುತ್ತಿತ್ತು.

ಓದುವ ಸಾಮಗ್ರಿಯನ್ನು ವಾಟ್ಸಾಪಿನಲ್ಲಿ ಹಂಚಿದ್ದು ಒಳ್ಳೆಯದೇ. ಆದರೆ ಕಡತ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿತ್ತು. ಹಳೆಯ ನುಡಿಯಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ‘ನ’ ಅಕ್ಷರದ ಜಾಗದಲ್ಲಿ ಪೌಂಡ್ ಚಿಹ್ನೆ ಕೂತಿರುತ್ತದೆ. ದೃಷ್ಟಿ ಇಲ್ಲದ ವಿದ್ಯಾರ್ಥಿ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದಲ್ಲಿ ‘ನ್ಯಾಯ’ ಎಂಬ ಪದ ತೆರೆದರೆ ಕೇಳುವುದು ಪೌಂಡ್ ಮತ್ತು ಅರ್ಥವಿಲ್ಲದ ಅಕ್ಷರಗಳ ಸಾಲು. ಕನ್ನಡವನ್ನು ಕನ್ನಡವಾಗಿಯೇ ಉಳಿಸುವ ಯುನಿಕೋಡ್ ಸಂಕೇತಕ್ಕೆ ಪರಿವರ್ತಿಸಿದರೆ ಸರಿಹೋಗುತ್ತದೆ, ಆದರೆ ಒತ್ತಕ್ಷರ ಮತ್ತು ಅರ್ಕಾವತ್ತು ಕೆಲವೆಡೆ ಮುರಿಯುತ್ತವೆ. ಒಬ್ಬರು ಕೂತು ಓದಿ ತಿದ್ದಲೇಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಇದಕ್ಕಿಂತ ಕಷ್ಟ. ಅದು ಬರೀ ಚಿತ್ರ, ತಂತ್ರಾಂಶಕ್ಕೆ ಓದಲು ಅಲ್ಲಿ ಏನೂ ಇರುವುದಿಲ್ಲ. ಯುನಿಕೋಡ್ ವರ್ಡ್ ಕಡತ, ಶೀರ್ಷಿಕೆಗಳನ್ನು ಶೀರ್ಷಿಕೆಯಾಗಿಯೇ ಗುರುತಿಸಿ, ಎರಡು ದಿನ ಮೊದಲು ಕಳಿಸಿದರೆ ಸಾಕು. ದೃಷ್ಟಿ ಇಲ್ಲದವರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಡಲಾಗದು ಎಂದು 2025ರ ಮಾರ್ಚಿನಲ್ಲಿ ತೀರ್ಪಾಗಿದೆ. ನ್ಯಾಯಾಧೀಶರಾಗಬಲ್ಲವರಿಗೆ ಟಿಪ್ಪಣಿ ಓದಲು ಆಗದಂತೆ ಮಾಡುವುದು ಅನ್ಯಾಯ.

ಸನ್ನೆ ಭಾಷೆಯ ದುಭಾಷಿ ಇದ್ದರು, ಆದರೆ ಒಬ್ಬರೇ. ಎರಡು ಗಂಟೆ ಎಡೆಬಿಡದೆ ಕೈ ಆಡಿಸಿದರು. ಇಬ್ಬರು ಇರಬೇಕು, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗಬೇಕು. ದಣಿದಾಗ ಮೊದಲು ಬಿಟ್ಟುಹೋಗುವುದೇ ಕಾನೂನಿನ ಕಷ್ಟದ ಪದಗಳು. ಅವರು ನಿಂತ ಜಾಗಕ್ಕೆ ದೀಪ ಬೀಳುತ್ತಿರಲಿಲ್ಲ. ಪ್ರೊಜೆಕ್ಟರಿಗಾಗಿ ಬೆಳಕು ತಗ್ಗಿಸಿದಾಗಲೆಲ್ಲ ಕಿವಿ ಕೇಳದವರ ಪಾಲಿಗೆ ಉಪನ್ಯಾಸ ಅಲ್ಲಿಗೇ ನಿಲ್ಲುತ್ತಿತ್ತು.

ಲಿಂಗತ್ವ ಅಲ್ಪಸಂಖ್ಯಾತರ ಗೋಷ್ಠಿಯನ್ನು ಚೆನ್ನಾಗಿ ನಡೆಸಿದರು. ಸಮುದಾಯದವರೇ ಮಾತನಾಡಿದರು, ವಕೀಲರಿಗೆ ಕೊಟ್ಟಷ್ಟೇ ಗೌರವಧನ ಅವರಿಗೂ ಸಿಕ್ಕಿತು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡದ್ದರಿಂದ ಮೈ, ಶಸ್ತ್ರಚಿಕಿತ್ಸೆಯ ಬಗೆಗಿನ ಅನುಚಿತ ಪ್ರಶ್ನೆಗಳು ಮೈಕಿಗೆ ಬರಲಿಲ್ಲ. ತೃತೀಯ ಲಿಂಗಕ್ಕೆ ಮನ್ನಣೆ ಕೊಟ್ಟ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪಿನಿಂದ ಹಿಡಿದು ರಾಜ್ಯ ಸರ್ಕಾರ 2021ರಲ್ಲಿ ನೇಮಕಾತಿಯಲ್ಲಿ ತಂದ ಶೇ 1ರ ಮೀಸಲಾತಿವರೆಗೆ ಚರ್ಚೆ ನೆಲ ಬಿಡಲಿಲ್ಲ.

ಯಾರೂ ಹೆಚ್ಚು ಗಮನಿಸದಿದ್ದರೂ ತುಂಬ ಉಪಯೋಗಕ್ಕೆ ಬಂದದ್ದು ಮೊಗಸಾಲೆಯ ಮಾಹಿತಿ ಮೇಜು. ವಕೀಲರಾಗಿ ನೋಂದಾಯಿಸಲು ಕಾಯ್ದೆಯಲ್ಲಿ ಹೇಳಿದ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ, ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದರು. ಅಂತಿಮ ವರ್ಷದ ಎಷ್ಟೋ ಮಕ್ಕಳು ನಿಂತು ಬರೆದುಕೊಂಡರು. ಉಚಿತ ಕಾನೂನು ನೆರವಿನ 15100 ಸಂಖ್ಯೆಯೂ ಅಲ್ಲಿತ್ತು. ಮಹಿಳೆಯರಿಗೆ, ಪರಿಶಿಷ್ಟರಿಗೆ, ವಿಕಲಚೇತನರಿಗೆ ಆ ನೆರವು ಪಡೆಯಲು ಆದಾಯದ ಮಿತಿ ಅಡ್ಡಬರುವುದಿಲ್ಲ ಎಂಬ ಸಾಲನ್ನೂ ಸೇರಿಸಿದ್ದರೆ ಪೂರ್ಣವಾಗುತ್ತಿತ್ತು.

ಊಟ ಚಲೋ ಇತ್ತು: ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಎಲ್ಲರಿಗೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸಿದರು. ಕೊನೆಯ ದಿನ ಬಹುಮಾನ ವಿತರಣೆ ಮುಗಿದಾಗ ಆರೂಮುಕ್ಕಾಲು. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವವರಿಗೆ ತೊಂದರೆಯಿಲ್ಲ. ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಯ ಹುಡುಗಿಯರು ಮಾತ್ರ ಐದು ಗಂಟೆಗೇ ಎದ್ದು ಹೋಗಿದ್ದರು. ಮೂಟಿನಲ್ಲಿ ಕನ್ನಡದಲ್ಲೇ ವಾದಿಸಿ ಎರಡನೆಯ ಸ್ಥಾನ ಪಡೆದ ತಂಡದ ಇಬ್ಬರೂ ಅವರಲ್ಲಿದ್ದರು. ಹೆಸರು ಕರೆದಾಗ ವೇದಿಕೆಗೆ ಯಾರೂ ಬರಲಿಲ್ಲ. ಬಹುಮಾನವನ್ನು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಕೊಡಬಹುದು, ಉದ್ಘಾಟನೆಯಲ್ಲಿ ಒಂದು ಗಂಟೆ ಉಳಿಸಿದರೆ.